ಕೀಲಿ ಒಪ್ಪಿಸುವಾಗ

ತಗೋ ಫಕೀರಪ್ಪ, ಕೀಲಿ.
ಬಸ್ಸಿಂದು ಅನಕೋಬ್ಯಾಡ,
ಮೂವತ್ತೆರಡು ಕೊರಳಿಂದು ಅನಕೋ.

ಮೊದಲ ಕೈಗೆ ಬುದ್ಧಿ ಕಲಿಸು.
ಊರಾಗ ಗೇರು ಎಡಗೈಯಾಗ ಇತ್ತು, ಇಲ್ಲಿ ಬಲಗೈಯಾಗ.
ಹದಿನೈದು ದಿನ ನೀ ಗೇರಂತ ತಿಳದು
ಬಾಗಿಲ ಹಿಡಿಕಿ ಎಳೀತಿ.
ನಾನೂ ಎಳದೀನಿ. ಹಿಂದ ಕುಂತ ನೇಪಾಳದ ಹುಡುಗ
ಬಾಯಿಗೆ ಟವಲು ಹಿಡದು ನಕ್ಕಿದ್ದ.
ಸರ್ಕಲ್ಲಿನಾಗ ಒಳಗಿದ್ದವಂದು ಮೊದಲ ಹಕ್ಕು,
ಹಾರ್ನು ಹೊಡದವಂದಲ್ಲ.

ದುಕ್ಮ್ ಬಂದರಿನಿಂದ ಹೈಮಾ ಕಡೆ
ಕ್ಯಾಂಪಿಗೆ ಎಪ್ಪತ್ತು ಕಿಲೋಮೀಟರು,
ದಾರ ಹಿಡದು ಎಳದಂಗ ಸೀದಾ.
ಸೀದಾ ಐತಿ ಅಂತ ನಂಬಬ್ಯಾಡ.
ತಿರುವಿನ ರಸ್ತೆ ಮನಶ್ಯಾನ್ನ ಬೈದು ಎಬ್ಬಸತೈತಿ,
ಸೀದಾ ರಸ್ತೆ ತಲಿ ಸವರತೈತಿ.

ನೂರು ದಾಟಿದ್ರ ಗಾಡಿ ಟಿಣ್ ಟಿಣ್ ಅಂತೈತಿ.
ಅದರ ವಾಯರು ಕಿತ್ತವರದಾರ.
ನಾ ಕೀಳಲಿಲ್ಲ. ಈ ಬಯಲಾಗ
ನನ್ನ ಹತ್ರ ಮಾತಾಡೂದು ಅದೊಂದ.

ಖರೀಫ್ ಬಂತಂದ್ರ ಸಮುದ್ರದ ಮಂಜು
ಹೊಟ್ಟಿ ಮ್ಯಾಲೆ ತೆವಳಕೋತ ಇಲ್ಲಿ ತನಕ ಬರತೈತಿ.
ಮುಂದಿನ ಲಾರಿಯ ಕೆಂಪು ದೀಪದ ಬೆನ್ನ ಹತ್ತಬ್ಯಾಡ;
ಅವನೂ ಯಾರದೋ ದೀಪ ನೋಡಕೋತ ಹೊಂಟಿರತಾನ.

ಒಂಟಿಗಳು ರಾತ್ರಿ ಅಡ್ಡ ಬರತಾವ.
ನಾಯಿ ಕಣ್ಣಿನಂಗ ಹೊಳೀತಾವಂತ ಕಾಯಬ್ಯಾಡ,
ನಮ್ಮ ಬೆಳಕು ಅವುಗಳ ಮುಖದ ತನಕ ಏರೂದಿಲ್ಲ.
ಬರೇ ಕಾಲು ಕಾಣತಾವ,
ಯಾರೋ ನಾಕು ಗಳ ನಟ್ಟು
ಹಂದರ ಹಾಕೂದು ಮರತಂಗ.
ಒಂದು ದಾಟಿತಂತ ಕಾಲು ಒತ್ತಬ್ಯಾಡ.
ಹಿಂದ ಮರಿ ಇರತೈತಿ.

ಇವೆಲ್ಲಾ ಸಣ್ಣವು.
ದೊಡ್ಡದು ಒಳಗ ಕುಂತಿರತೈತಿ,
ಹೆಸರು ಬರೆಸದ ಮೂವತ್ತಮೂರನೇದು.
ನಸಿಕಿನ್ಯಾಗ ಐದರ ಸುಮಾರಿಗೆ ಕನ್ನಡಿ ನೋಡು:
ಪಾಳಿ ಮುಗಿಸಿದ ಮೂವತ್ತೆರಡು ತಲಿ
ಹಾಲುಗಾಳಿನ ಜ್ವಾಳದ ತೆನಿಯಂಗ
ಒಂದ ಕಡೆ ವಾಲತಾವ.
ಅವರ ನಿದ್ದಿ ಸೀಟಿಂದ ಸೀಟಿಗೆ ದಾಟಿ
ನಿನ್ನ ಹೆಗಲ ಮುಟ್ಟತೈತಿ.
ಚಹಾಕ್ಕ ಹೋಗೂದಿಲ್ಲ, ಕಿಟಕಿಗಾಳಿಗೆ ಹೋಗೂದಿಲ್ಲ.
ಹಸಿ ಮೆಣಸಿನಕಾಯಿ ಕಚ್ಚಿ ನೋಡೀನಿ:
ಬಾಯಿ ಉರೀತು, ಕಣ್ಣು ಮುಚ್ಚಿದ್ವು.

ಎರಡು ವರ್ಷದ ಹಿಂದಿನ ಮಾತು.
ಮುಂದ ಒಂದು ಕಂಬ ಇತ್ತು.
ಕಣ್ಣು ಮಿಟುಕಿಸಿದ್ನಿ. ಕಂಬ ಹಿಂದ ಇತ್ತು.
ನಡುವಿನ ದಾರಿ ಗಾಡಿ ಯಾರು ಹೊಡದ್ರೋ
ಇವತ್ತಿಗೂ ನನಗ ಗೊತ್ತಿಲ್ಲ.

ಡಾಂಬರು ಬಿಟ್ಟು ದೂರ ಬದಿಗೆ ಹಚ್ಚಿದ್ನಿ.
ಇಂಡಿಕೇಟರು ನಾಕೂ ಮಿಣಕಲಿಕ್ಕೆ ಬಿಟ್ಟು
ಸ್ಟೇರಿಂಗ್ ಮ್ಯಾಲೆ ಹಣಿ ಇಟ್ಟು
ಇಪ್ಪತ್ತು ನಿಮಿಷ ಮಲಗಿದ್ನಿ.
ಹಿಂದ ಒಬ್ಬರೂ ಏಳಲಿಲ್ಲ.

ಯಾಕ ತಡ, ಅಂದ ಸೂಪರ್‌ವೈಸರ್.
ನಿದ್ದಿ ಮಾಡಿದ್ನಿ, ಅಂದ್ನಿ.
ಎರಡು ರಿಯಾಲು ಮುರಕೊಂಡ.
ಆಗದ ಅಪಘಾತಕ್ಕ ಪಂಚನಾಮಿ ಇಲ್ಲ, ಸಾಕ್ಷಿ ಇಲ್ಲ,
ಏನಂತ ವಾದಿಸಲಿ?
ಬಚ್ಚಲ ಮುಂದಿನ ಪಾಳಿ ಹೋತು, ರೊಟ್ಟಿ ಒಣಗಿದ್ವು ಅಂತ
ಮಂದಿ ಎಲ್ಲಾ ಇಳದು ಬೈದ್ರು,
ಬಂಗಾಳಿಯೊಳಗ, ತಮಿಳಿನ್ಯಾಗ, ತಮ್ಮ ತಮ್ಮ ಅವ್ವನ ಮಾತಿನ್ಯಾಗ.
ನಾ ಬಾಗಲದಾಗ ನಿಂತು ಎಣಿಸಿದ್ನಿ.
ಮೂವತ್ತೆರಡೂ ದನಿ ಇದ್ವು, ಫಕೀರಪ್ಪ.
ಒಂದೂ ಕಮ್ಮಿ ಇರಲಿಲ್ಲ.

ಹೂಂ, ಹತ್ತು.
ಸೀಟು ಒಂದು ಗೇಣು ಮುಂದ ಸರಿಸಕೋ, ನಿನ್ನ ಕಾಲು ಗಿಡ್ಡ.
ಕನ್ನಡಿ ನನ್ನ ಎತ್ತರಕ್ಕ ಐತಿ, ಇಳಿಸು.
ಪಟ್ಟಿಯ ಕೊಂಡಿ ಸಡಲ ಐತಿ,
ಕಟಕ್ ಅಂದ್ರೂ ನಂಬಬ್ಯಾಡ,
ಎರಡು ಸಲ ಒತ್ತು.